ಸೊಸೆಯರು ಬಿಟ್ಟ ಖಾಲಿ ಜಾಗ

ಮತ್ಲಪಾನೆಂಗ್, ಲೆಸೊಥೊ
ಅಕ್ಟೋಬರ್ ೧೪, ೨೦೧೧

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಕಂಬಳಿ ಹೊದ್ದು ಒಂದು ಕಡೆ ಕೂರು ಅಂದರೆ ಕೂರುವ ಪೈಕಿ ನೀನಲ್ಲ, ಗೊತ್ತು. ಈ ಕಾಗದವನ್ನು ತಂಗಿಯ ಕೈಲಿ ನಿಧಾನವಾಗಿ ಓದಿಸಿಕೋ, ಅವಳು ಸಾಲು ಹಾರಿಸುವ ಕಳ್ಳಿ. ನಾವೆಲ್ಲ ಸೌಖ್ಯ. ಬರೀ ಸೌಖ್ಯವೇನು, ಗೆದ್ದುಬಿಟ್ಟೆವು! ದೊಡ್ಡಮನೆ ಉಳಿಯಿತು.

ಅದೇ, ನಮ್ಮ ಮಾವನವರ ತಂದೆ ಕಟ್ಟಿದ ದುಂಡು ಕಲ್ಲುಮನೆ. ಅದನ್ನು ಕೆಡವಿ ಸಿಮೆಂಟಿನ ಉಗ್ರಾಣ ಕಟ್ಟಲು ಊರ ಮುಖ್ಯಸ್ಥರು ಹೊರಟಿದ್ದರು, ಮಾವನವರೂ ಹೂಂ ಅಂದಿದ್ದರು. ನಾವು ಹನ್ನೊಂದು ಹೆಂಗಸರು ಸಂಘ ಕಟ್ಟಿಕೊಂಡು, ಮಣ್ಣಿಗೆ ಸಗಣಿ ಕಲಸಿ ಗೋಡೆಗೆ ಮೆತ್ತಿ, ನೀನು ಕಲಿಸಿದ ಹಾಗೆ ಹಸಿ ಇರುವಾಗಲೇ ಬೆರಳಿನಿಂದ ಗೆರೆ ಎಳೆದು ಉತ್ತ ಹೊಲದ ಚಿತ್ತಾರ ಬಿಡಿಸಿದೆವು. ಮಾವನವರು ಹಾದುಹೋಗುವಾಗಲೆಲ್ಲ "ಲೋಕ ಸಿಮೆಂಟಿಗೆ ಹೋಯ್ತು, ನಮ್ಮ ಸೊಸೇರು ಸಗಣಿಗೇ ಬಂದ್ರು" ಅನ್ನುತ್ತಿದ್ದರು. ಆ ರೋಷಕ್ಕೆ, ಯಾವ ಗಂಡಸಿನ ಸಹಾಯವನ್ನೂ ಕೇಳುವುದಿಲ್ಲವೆಂದು ಆಣೆ ಹಾಕಿಕೊಂಡೆವು. ಎಡವಟ್ಟಾದದ್ದು ಅಲ್ಲೇ.

ಪರಂಪರೆ ಕಚೇರಿಯ ಪಟ್ಟಿಗೆ ಸೇರಿದರೆ ಆ ಮನೆಯನ್ನು ಯಾರೂ ಮುಟ್ಟುವ ಹಾಗಿಲ್ಲ. ಅರ್ಜಿ ತುಂಬಲು ಕೂತೆವು. ಕಟ್ಟಿದವರ ಹೆಸರು ಅನ್ನುವ ಕಡೆ ಪೆನ್ನು ನಿಂತಿತು. ಹನ್ನೊಂದೂ ಜನ ಆ ಮನೆತನದ ಸೊಸೆಯರೇ! ಗಂಡನ ಮನೆಯ ಹಿರಿಯರ ಹೆಸರನ್ನು ಬಾಯಲ್ಲಿ ಆಡುವುದಿರಲಿ, ಬರೆಯುವುದುಂಟೇ? ಅರ್ಜಿ ಕೈಯಿಂದ ಕೈಗೆ ಸುತ್ತಿ ಕಚೇರಿಗೆ ಖಾಲಿಯಾಗಿಯೇ ಹೋಯಿತು, ಖಾಲಿಯಾಗಿಯೇ ವಾಪಸು ಬಂತು. ನನಗೆ ಅಳುವೇ ಬಂದಿತ್ತು.

ಮೊನ್ನೆ ಮಂಗಳವಾರ ಕಚೇರಿಯ ಹುಡುಗಿಯೇ ಮನೆ ನೋಡಲು ಬಂದಳು. ಅವತ್ತು ಪಟ್ಟಿಗೆ ಸೇರದಿದ್ದರೆ ಶನಿವಾರ ಹಾರೆ ಬೀಳುತ್ತದೆ ಎಂದು ಮುಖ್ಯಸ್ಥರು ಮೊದಲೇ ಹೇಳಿದ್ದರು. ನಮ್ಮ ಗಂಡಂದಿರೆಲ್ಲ ಕುರಿಯ ಉಣ್ಣೆ ಕತ್ತರಿಸಲು ಬೆಟ್ಟ ಹತ್ತಿದ್ದರು. ಇದ್ದ ಒಬ್ಬ ಗಂಡಸೆಂದರೆ ಮಾವನವರು, ದನದ ಕೊಟ್ಟಿಗೆಯ ಗೋಡೆಗೆ ಒರಗಿ ಮುಖ ತಿರುಗಿಸಿ ಕೂತಿದ್ದರು. ಹುಡುಗಿ ಚಿತ್ತಾರವನ್ನು ಸವರಿ ಸವರಿ ನೋಡಿದಳು. ಆಮೇಲೆ ಕಟ್ಟಿದವರ ಹೆಸರು ಕೇಳಿದಳು. ಸದಾ ಚಟಪಟ ಅನ್ನುವ ನಮ್ಮ ಮಾಪಿತ್ಸೊ ಕೂಡ ನೆಲ ನೋಡಿದಳು. "ನಾನೂ ಒಂದು ಮನೆ ಸೊಸೇನೇ ಅಕ್ಕಾ, ನಿಮ್ಮ ಕಷ್ಟ ಗೊತ್ತು. ಆದ್ರೆ ಖಾಲಿ ಬಿಡೋ ಹಾಗಿಲ್ಲ" ಎಂದು ಕಚೇರಿಯ ಹುಡುಗಿ ಜೋರಾಗಿ ಓದಿಕೊಳ್ಳುತ್ತಾ ಬರೆದಳು: "ಕಟ್ಟಿದವರು, ತಿಳಿದಿಲ್ಲ."

ಅಷ್ಟೇ ನೋಡು! "ಏನಂದೆ? ನಮ್ಮಪ್ಪ ತಿಳಿದಿಲ್ವಾ?" ಅಂತ ಮಾವನವರು ಎದ್ದರು. ಕೋಲು ನೆಲಕ್ಕೆ ಕುಟ್ಟಿ, ಅಪ್ಪನ ಹೆಸರು, ಅವರಪ್ಪನ ಹೆಸರು, ಯಾವ ಹೊಳೆಯಿಂದ ಕಲ್ಲು ಹೊತ್ತರು, ಎಷ್ಟು ಎತ್ತು ಸತ್ತವು, ಎಲ್ಲವನ್ನೂ ಬಿರುದಾವಳಿಯ ಹಾಗೆ ಒಂದೇ ಉಸಿರಿಗೆ ಹೇಳಿದರು. ಕೊನೆಗೆ ಗೋಡೆಗೆ ಕೈಯಿಟ್ಟು ಅತ್ತುಬಿಟ್ಟರು. ಬೆರಳಿಗೆಲ್ಲ ಸಗಣಿ. "ಇದನ್ನ ಯಾವನು ಕೆಡವ್ತಾನೋ ನೋಡ್ತೀನಿ" ಅಂದರು, ಕೆಡವಿ ಅಂದವರೇ ತಾವು ಅನ್ನುವುದನ್ನು ಮರೆತು. ಹುಡುಗಿ ಮುದ್ರೆ ಒತ್ತಿದಳು. ನಮ್ಮ ಕೇಕೆಗೆ ಬೆಟ್ಟದ ಮೇಲಿನ ಕುರಿಗಳೂ ಬೆದರಿರಬೇಕು. ಆ ದಿನ ಕುಡಿದ ಜೋಳದ ಬಿಯರಿನ ವಿಷಯ ನಿನಗೆ ಬೇಡ.

ಈಗ ಮಳೆ ಹಿಡಿದಿದೆ. ಚಿತ್ತಾರ ಕರಗಿದರೆ ಕರಗಲಿ, ಮತ್ತೆ ಬರೆಯುತ್ತೇವೆ. ಅಣ್ಣನಿಗೂ ಅತ್ತಿಗೆಗೂ ನನ್ನ ನಮಸ್ಕಾರ. ನಿನ್ನ ಆಶೀರ್ವಾದ ಈ ಗೋಡೆಗೂ ಇರಲಿ.

ನಿನ್ನ ಮಗಳು,
ಇಲ್ಲಿನವರ ಮಾಕಬೆಲೊ

ತಾ.ಕ.: ಈ ಕಾಗದ ಒಯ್ಯುವ ಬಸ್ಸು ಹೊರಟಿದೆ, ಬೇಗಬೇಗ ಬರೆಯುತ್ತೇನೆ. ಅರ್ಜಿಯ ಕೊನೆಯಲ್ಲಿ ಮನೆ ನೋಡಿಕೊಳ್ಳುವವರ ಹೆಸರು ಕೇಳಿದ್ದರು. ಎಲ್ಲರೂ ನನ್ನನ್ನು ತೋರಿಸಿದರು. ಹುಡುಗಿ ಮಾಕಬೆಲೊ ಅಂತ ಬರೆಯಹೊರಟಾಗ ಮಾವನವರು ತಡೆದರು: "ಅದು ಮದುವೇಲಿ ನಾವಿಟ್ಟ ಹೆಸರು ಕಣಮ್ಮ. ಆ ಗೆರೆ ಕಲಿಸಿದ್ದು ಅವಳ ತಾಯಿ. ತಾಯಿ ಇಟ್ಟ ಹೆಸರೇ ಬರಿ." ಹತ್ತೊಂಬತ್ತು ವರ್ಷದಲ್ಲಿ ಈ ಊರಲ್ಲಿ ಯಾರೂ ಕರೆಯದ ಹೆಸರು ಅವರಿಗೆ ನೆನಪಿತ್ತು. ಮಳೆಯಲ್ಲಿ ಹುಟ್ಟಿದವಳೆಂದು ನೀನಿಟ್ಟೆಯಲ್ಲ, ಅಮ್ಮಾ, ಅದನ್ನೇ ಬರೆದಿದ್ದಾರೆ: ಪುಲೆಂಗ್.