ಬೆಳಕಿನ ಕೋಣೆ

ಅಕ್ಕಾ,

ನೀನು ತೀರಿಕೊಂಡ ಮೇಲೆ ಇವತ್ತೇ ಮೊದಲ ಸಲ ನನ್ನ ಕೆಲಸದ ವಿಷಯ ನಿನಗೆ ಹೇಳಬೇಕೆನಿಸಿದೆ. "ಇಲಿ ಕಾಯೋಕೆ ಇಷ್ಟು ಓದ್ಬೇಕಿತ್ತಾ?" ಅಂತ ನಗುತ್ತಿದ್ದೆಯಲ್ಲ, ಅದೇ ಕೆಲಸ.

ನಮ್ಮ ಲ್ಯಾಬಿನ ಪೆಟ್ಟಿಗೆಯಲ್ಲಿ ಎರಡು ಕೋಣೆಗಳಿವೆ. ಒಂದರಲ್ಲಿ ಕಣ್ಣು ಕುಕ್ಕುವ ಬೆಳಕು, ಇನ್ನೊಂದರಲ್ಲಿ ಕತ್ತಲೆ. ಇಲಿಗೆ ಕತ್ತಲೆಯೇ ಇಷ್ಟ. ಆದರೆ ಅಲ್ಲಿ ಕಾಲಿಗೆ ಕರೆಂಟು ಹೊಡೆಯುತ್ತದೆ. ಮರುದಿನ ಅದು ಆ ಕಡೆ ಸುಳಿಯುವುದಿಲ್ಲ. ಮೆದುಳಿನ ಅಸಿಟೈಲ್‌ಕೋಲಿನ್ ಎಂಬ, ನೆನಪಿಗೆ ಬೇಕಾದ ರಾಸಾಯನಿಕದ ಕೆಲಸವನ್ನು ತಡೆಯುವ ಮದ್ದನ್ನು ಮೊದಲೇ ಚುಚ್ಚಿದ್ದರೆ ಮಾತ್ರ ಪೆಟ್ಟು ನೆನಪಿನಲ್ಲಿ ನಿಲ್ಲದೆ ಮತ್ತೆ ಒಳಗೆ ನುಗ್ಗುತ್ತದೆ.

ನಿನ್ನೆ ಪೆಟ್ಟು ತಿಂದಿದ್ದ ಒಂದು ಇಲಿ ಇವತ್ತು ನಡುಬಾಗಿಲಲ್ಲಿ ನಿಂತು ನಡುಗಿತು. ಮುಂಗಾಲು ಇಟ್ಟಿತು, ಹಿಂದಕ್ಕೆ ಎಳೆದುಕೊಂಡಿತು. ಕೊನೆಗೆ ಕತ್ತಲೆಗೇ ಹೋಯಿತು.

"ಪಾಪ, ಎಲ್ಲಾ ಮರೆತುಬಿಟ್ಟಿದೆ," ಅಂದೆ.

"ಇದಕ್ಕೆ ಕೊಟ್ಟಿದ್ದು ಮದ್ದಲ್ಲ, ಬರೀ ಉಪ್ಪುನೀರು ಕಣಮ್ಮ," ಅಂದರು ನಮ್ಮ ಮೇಡಂ. "ಎಲ್ಲಾ ನೆನಪಿದೆ. ನಡುಗಿದ್ದು ನೋಡ್ಲಿಲ್ವಾ?"

"ಮತ್ಯಾಕೆ ಹೋಯ್ತು?"

"ಈ ಬೆಳಕಿನ ಕಡೆ ಬಚ್ಚಿಟ್ಕೊಳ್ಳೋಕೆ ಒಂದು ಮೂಲೆನಾದ್ರೂ ಇದೆಯಾ?"

ಭಾವ ಕೈ ಎತ್ತಿದಾಗಲೆಲ್ಲ ನೀನು ನಮ್ಮ ಮನೆಗೆ ಓಡಿ ಬರುತ್ತಿದ್ದೆ. ವಾರ ಕಳೆಯುವುದರೊಳಗೆ ಅಲ್ಲಿಗೇ ಹಿಂದಿರುಗುತ್ತಿದ್ದೆ. "ನಿಂಗೆ ಮರೆವು ಜಾಸ್ತಿ ಅಕ್ಕಾ, ಹೊಡೆಸಿಕೊಂಡಿದ್ದೂ ನೆನಪಿರಲ್ಲ," ಅಂತ ಪ್ರತಿ ಸಲ ಬೈದೆ. ನೀನು ತಲೆ ತಗ್ಗಿಸಿ ನಗುತ್ತಿದ್ದೆ.

ಕೊನೆಯ ಸಲ ಬಂದಾಗ ನೀನು ಚೀಲವನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ನಾನು ಬಾಗಿಲಲ್ಲೇ ನಿಂತು ಕೇಳಿದೆ, "ಎಷ್ಟು ದಿನ ಇರ್ತೀಯಾ?"