ಒಂಬತ್ತನೇ ಮಂಗಳವಾರ

ಘಾಲಾ, ಮಸ್ಕತ್
6 ಫೆಬ್ರವರಿ 2025

ಪ್ರೀತಿಯ ಮಗಳು ಡೀನಾಳಿಗೆ ಪಪ್ಪ ಬರೆಯುವುದು,

ಈ ಕಾಲದಲ್ಲಿ ಯಾರಾದರೂ ಕಾಗದ ಬರೆಯುತ್ತಾರಾ? ಫೋನಿನಲ್ಲಿ ಹತ್ತು ನಿಮಿಷಕ್ಕೆ ಮುಗಿಯುವ ಮಾತಿಗೆ ನಿಮ್ಮ ಮಠದ ಮದರ್ ನನ್ನ ಕೈಗೆ ಪೆನ್ನು ಕೊಡಿಸಿದ್ದಾರೆ. ಮೂವತ್ತು ದಿನ ಮೌನವಂತೆ, ಫೋನ್ ಇಲ್ಲವಂತೆ, ಬಹಳ ತುರ್ತಿದ್ದರೆ ಕಾಗದ ಕಳಿಸಬಹುದಂತೆ. ಎಷ್ಟು ತುರ್ತು ಎಂದು ಕೇಳಿದರು. ಅದನ್ನು ಅಳೆಯಲು ನನ್ನ ಹತ್ತಿರ ಟೇಪ್ ಇಲ್ಲ ಎಂದೆ. ಅವರಿಗೆ ಸಿಟ್ಟು ಬಂದಿರಬೇಕು, ಬರಲಿ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ನಲವತ್ತು ವರ್ಷ ಸುತ್ತಿಗೆ ಹಿಡಿದ ಬೆರಳಿಗೆ ಪೆನ್ನು ನಿಲ್ಲುವುದಿಲ್ಲ. ಮನೆಯಲ್ಲಿ ಕೊಂಕಣಿ ಮಾತಾಡುವವರು ಕನ್ನಡದಲ್ಲಿ ಯಾಕೆ ಬರೆದಿರಿ ಎಂದು ಕೇಳಬೇಡ. ಶಾಲೆಯಲ್ಲಿ ಕಲಿಸಿದ್ದು ಇದನ್ನು, ಬರೆಯಲು ಬರುವುದೂ ಇದೇ. ತಪ್ಪಿದ್ದರೆ ತಿದ್ದಿಕೊಂಡು ಓದು.

ನಿನ್ನ ಸೊಂಟನೋವು ಹೇಗಿದೆ? ಧ್ಯಾನಕ್ಕೆ ಕೂರಲು ಕುರ್ಚಿ ಕೊಟ್ಟಿದ್ದಾರಾ, ಇಲ್ಲ ನೆಲದ ಮೇಲೆಯೇ ಕೂರಿಸುತ್ತಾರಾ? ದೇವರಿಗೆ ಕುರ್ಚಿಯ ಮೇಲೆ ಏನೂ ದ್ವೇಷವಿಲ್ಲ ಎಂದು ಮದರ್‌ಗೆ ಹೇಳು. ಮಮ್ಮಿಯ ಮೊಣಕಾಲು ಹಾಗೇ ಇದೆ. ಅಲ್ ಖುವೈರ್‌ನಲ್ಲಿ ಅಡುಗೆ ಮಾಡುವ ಮನೆಯವರು ಈಗ ಲಿಫ್ಟ್ ಇರುವ ಕಟ್ಟಡಕ್ಕೆ ಹೋದದ್ದರಿಂದ ಸ್ವಲ್ಪ ಸುಖ. ಹಲ್ವಾ, ಖರ್ಜೂರ, ನೋವಿನ ಎಣ್ಣೆ ಕಟ್ಟಿಕೊಟ್ಟಿದ್ದಾಳೆ. ಮದರ್‌ಗೂ ಒಂದು ಡಬ್ಬಿ ಇದೆ. ಲಂಚ ಎಂದುಕೊಂಡರೂ ಅಡ್ಡಿಯಿಲ್ಲ. ಇದನ್ನೆಲ್ಲ ತರುವವನು ನಮ್ಮ ಕೆಳಗಿನ ಮನೆಯ ಅಕ್ಷಯ್. ತಂಗಿಯ ಮದುವೆಗೆ ನಾಳೆ ಊರಿಗೆ ಹೊರಡುತ್ತಾನೆ, ಹದಿನಾಲ್ಕಕ್ಕೆ ಹಿಂದಿರುಗುತ್ತಾನೆ. ಈ ಕಾಗದದ ವಿಷಯ ಮಮ್ಮಿಗೆ ಗೊತ್ತಿಲ್ಲ. ಗೊತ್ತಾಗಲೂಬಾರದು.

ವಿಷಯಕ್ಕೆ ಬರಲು ಹೆದರಿಕೆಯಾಗುತ್ತದೆ. ಆದರೂ ಬರುತ್ತೇನೆ. ನಮ್ಮ ಗ್ಯಾರೇಜಿನ ಫೋರ್‌ಮನ್ ಬೋಜ ನಿನಗೆ ಗೊತ್ತು. ಹದಿನೈದು ವರ್ಷದ ಹಿಂದೆ ಪಡುಬಿದ್ರೆ ಕಡೆಯಿಂದ ಬಂದಾಗ ಅವನಿಗೆ ಡೆಂಟಿಂಗ್ ಕೆಲಸ ಕಲಿಸಿದವನು ನಾನು. ಕಣ್ಣು ಮುಚ್ಚಿ, ಅಂಗೈಯಿಂದ ತಗಡು ಸವರಿ, ತಗ್ಗು ಎಲ್ಲಿದೆ ಎಂದು ಹೇಳುವುದನ್ನು ಅವನ ಬಲಗೈ ಹಿಡಿದು ಕಲಿಸಿದೆ. ಆಮೇಲೆ ಅವನಿಗೆ ಇಂಗ್ಲಿಷ್ ಬಂತು, ಅರಬಿ ಬಂತು, ನನ್ನ ಮೇಲೆ ಫೋರ್‌ಮನ್ ಆದ. ಆಗಲಿ. ಕಳೆದ ನವೆಂಬರ್ ಕೊನೆಯಲ್ಲಿ ನಾನು ಮುಗಿಸಿಟ್ಟ ಲ್ಯಾಂಡ್ ಕ್ರೂಸರ್ ಬಾಗಿಲನ್ನು ಗಿರಾಕಿಯ ಎದುರಿಗೇ ಅದೇ ಕೈಯಿಂದ ಸವರಿ, "ಪೊರ್ಬುಲೆ, ಇದು ಬಾಗಿಲಾ, ನೀರುದೋಸೆ ಕಾವಲಿಯಾ?" ಎಂದ. ತುಳುವರು ನಮ್ಮ ಕ್ರೈಸ್ತರನ್ನು ಮರ್ಯಾದೆಗೆ ಕರೆಯುವ ಪೊರ್ಬುಲೆ, ಅದನ್ನೂ ಸೇರಿಸಿ. ಗ್ಯಾರೇಜಿಡೀ ನಕ್ಕಿತು. ಮಾತು ಅರ್ಥವಾಗದ ಬಂಗಾಳಿಗಳೂ ನಕ್ಕರು. ಬಾಗಿಲಿನಲ್ಲಿ ತಗ್ಗು ಇದ್ದದ್ದು ನಿಜ, ಸುಳ್ಳು ಹೇಳುವುದಿಲ್ಲ. ನನ್ನ ಕಣ್ಣು ಮೊದಲಿನ ಹಾಗಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಎರಡು ಬೈದು ಮರೆಯುತ್ತಿದ್ದೆ. ಅವನು ನಮ್ಮ ವೀಸಾದ ಮಾಲೀಕ ಕಫೀಲ್ ಹತ್ತಿರ ಹೋಗಿ, ಲಿಗೋರಿಗೆ ವಯಸ್ಸಾಯಿತು, ಫೆಬ್ರವರಿಗೆ ವೀಸಾ ಮುಗಿದಾಗ ಕಳಿಸಿಬಿಡಿ ಎಂದು ಹೇಳಿ ಬಂದ. ಕಫೀಲ್ ನನ್ನನ್ನು ಕರೆದು ಹೆಗಲ ಮೇಲೆ ಕೈಯಿಟ್ಟು "ಖಲಾಸ್, ಲಿಗೋರಿ" ಎಂದರು. ಮೂವತ್ತೊಂದು ವರ್ಷಕ್ಕೆ ಒಂದು ಪದ.

ಮರುವಾರ ಮಂಗಳವಾರ ಸಂಜೆ, ಮಮ್ಮಿ ಕೆಲಸದಿಂದ ಬರುವ ಮೊದಲು, ಸಂತ ಅಂತೋನಿಯ ಮೂರ್ತಿಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ನನ್ನ ಅಮ್ಮ ಹಾಗೆ ಮಾಡುತ್ತಿದ್ದಳು. ಕೇಳಿದ್ದನ್ನು ಕೊಡುವವರೆಗೆ ತಿರುಗಿಸುವುದಿಲ್ಲ ಎಂದು ಸಂತನಿಗೇ ಹಟ ತೋರಿಸುವುದು. ಅವಳು ಕಳೆದುಹೋದ ಕೀಲಿಗೆ, ಹಾಲು ಬತ್ತಿದ ದನಕ್ಕೆ ಹಾಗೆ ಮಾಡುತ್ತಿದ್ದಳು. ನಾನು ಮೇಣದಬತ್ತಿ ಹಚ್ಚಿ, ಯಾವ ಕೈಯಿಂದ ಅವನು ನನ್ನ ಕೆಲಸ ಸವರಿದನೋ ಆ ಕೈ ಬೀಳಲಿ ಎಂದು ದೇವರಲ್ಲಿ ಕೇಳಿದೆ. ಒಂಬತ್ತು ಮಂಗಳವಾರದ ನೊವೇನ ಪ್ರಾರ್ಥನೆ. ಡೀನಾ, ಒಂದು ದಿನದ ಸಿಟ್ಟಾಗಿದ್ದರೆ ನಿನಗೆ ಬರೆಯುತ್ತಿರಲಿಲ್ಲ. ಸಿಟ್ಟು ನನಗೆ ದಿನಕ್ಕೆ ನಾಲ್ಕು ಸಲ ಬರುತ್ತದೆ, ಹೋಗುತ್ತದೆ, ಅದು ನಿನಗೂ ಗೊತ್ತು. ಇದು ಸಿಟ್ಟಲ್ಲ. ವಾರವಿಡೀ ಅವನ ಜೊತೆ ಚಹಾ ಕುಡಿದು, ಮಂಗಳವಾರ ಬಂದಾಗ ನೆನಪಿಟ್ಟು, ಅಂಗಡಿಯಿಂದ ಮೇಣದಬತ್ತಿ ತಂದು, ಕೈ ತೊಳೆದುಕೊಂಡು ಮಾಡಿದ ಕೆಲಸ.

ಇದರ ನಡುವೆಯೇ ನೀನು ಹತ್ತು ದಿನಕ್ಕೆಂದು ಬಂದೆ. ಮೂರ್ತಿ ನೋಡಿ, "ಪಪ್ಪಾ, ಅಂತೋನಿ ಯಾಕೆ ಬೆನ್ನು ಹಾಕಿ ನಿಂತಿದ್ದಾನೆ, ನಿಮ್ಮ ಬೈಗುಳ ತಡೆಯಲಿಕ್ಕಾಗದೆಯಾ?" ಎಂದು ನಕ್ಕೆ. ಧೂಳು ಒರೆಸುವಾಗ ತಿರುಗಿರಬೇಕು ಎಂದೆ. ನೀನು ಸರಿಮಾಡಿದೆ, ನೀನು ಸ್ನಾನಕ್ಕೆ ಹೋದಾಗ ನಾನು ಮತ್ತೆ ತಿರುಗಿಸಿದೆ. ದಿನಾ ಸಂಜೆ ಟೆರೇಸಿನಲ್ಲಿ ಕೂತು ನೀನು ಓದುತ್ತಿರುವುದನ್ನು ನನಗೆ ಹೇಳುತ್ತಿದ್ದೆ. ಕ್ರೈಸ್ತ ಸಭೆ ಹುಟ್ಟಿದ ಮೊದಲ ಮುನ್ನೂರು ನಾನೂರು ವರ್ಷದಲ್ಲಿ ದೇವರು ಒಳ್ಳೆಯವನು ಅಂದರೆ ಏನು ಎಂದು ಆ ಗುರುಗಳು ಹೇಗೆ ಜಗಳಾಡಿದರು ಎಂದು. ಅವರ ಹೆಸರು ನನ್ನ ಬಾಯಿಗೆ ಹತ್ತಲಿಲ್ಲ, ಆದರೆ ಮಾತು ಒಂದೂ ಮರೆತಿಲ್ಲ. ಒಬ್ಬ ಹಡಗಿನ ವ್ಯಾಪಾರಿ ಇದ್ದ, ದೇವರು ಇಬ್ಬರು ಎಂದ. ಲೋಕ ಮಾಡಿ, ತಪ್ಪು ಮಾಡಿದವರನ್ನು ಹೊಡೆಯುವವನು ಒಬ್ಬ, ಯೇಸುವನ್ನು ಕಳಿಸಿದ ಒಳ್ಳೆಯವನು ಇನ್ನೊಬ್ಬ. ಉಳಿದವರು ಅವನನ್ನು ಹೊರಗೆ ಹಾಕಿದರು. ದೇವರು ಒಬ್ಬನೇ, ಅವನು ಬೇರಿನವರೆಗೂ ಒಳ್ಳೆಯವನೇ ಎಂದರು. ಅಲೆಕ್ಸಾಂಡ್ರಿಯಾದ ಗುರುವೊಬ್ಬ, ದೇವರ ಪೆಟ್ಟು ಡಾಕ್ಟರನ ಕತ್ತಿಯ ಹಾಗೆ, ಕೊಯ್ದರೂ ವಾಸಿಮಾಡಲಿಕ್ಕೇ ಎಂದ. ಇನ್ನೊಬ್ಬ ಬಿಷಪ್, ಕೆಟ್ಟದ್ದನ್ನು ದೇವರು ಮಾಡಲಿಲ್ಲ, ಅದಕ್ಕೆ ಸ್ವಂತದ ಇರುವಿಕೆಯೇ ಇಲ್ಲ, ಒಳ್ಳೆಯದು ಇಲ್ಲವಾದ ಜಾಗವೇ ಕೆಟ್ಟದ್ದು ಎಂದ. ಆಗ ನಾನು, ಅದು ಡೆಂಟಿನ ಹಾಗೆ, ಡೆಂಟ್ ಎಂಬ ವಸ್ತುವೇ ಇಲ್ಲ, ಇರುವುದು ಆಕಾರ ಕಳೆದುಕೊಂಡ ತಗಡು ಮಾತ್ರ ಎಂದೆ. ನೀನು ಚಪ್ಪಾಳೆ ತಟ್ಟಿ, "ನಮ್ಮ ಪ್ರೊಫೆಸರರಿಗೆ ಅರ್ಧ ಗಂಟೆ ಬೇಕಾಯಿತು ಪಪ್ಪಾ ಇದನ್ನು ಹೇಳಲು" ಎಂದೆ. ನನಗೆ ಹೆಮ್ಮೆಯಾಯಿತು. ಮರುದಿನ ಮಂಗಳವಾರ. ಹೋಗಿ ಆರನೇ ಮೇಣದಬತ್ತಿ ಹಚ್ಚಿದೆ.

ಜನವರಿ ಇಪ್ಪತ್ತೆಂಟು ಒಂಬತ್ತನೇ ಮಂಗಳವಾರ. ಬೆಳಿಗ್ಗೆ ಹತ್ತೂವರೆಗೆ ಬೋಜ ಬಣ್ಣ ಹೊಡೆಯುವ ಸ್ಪ್ರೇ ಬೂತಿನ ಹತ್ತಿರ ಯಾರಿಗೋ ಬೈಯುತ್ತಿದ್ದವನು ಮಾತಿನ ನಡುವೆ ನಿಂತ. ಬಲಗೈಯಲ್ಲಿದ್ದ ಫೈಲು ಕೆಳಗೆ ಬಿತ್ತು. ಅವನು ಅದನ್ನು ನೋಡಿದ, ಕೈಯನ್ನು ನೋಡಿದ, ಆಮೇಲೆ ಕುಸಿದ. ಲಕ್ವ. ಬಲಗೈ, ಬಲಗಾಲು, ಅರ್ಧ ಬಾಯಿ. ನಾನು ಇನ್ನೂ ಕೊನೆಯ ಮೇಣದಬತ್ತಿ ಹಚ್ಚಿರಲಿಲ್ಲ, ಡೀನಾ. ಅದಕ್ಕೂ ಕಾಯಲಿಲ್ಲ.

ಎರಡು ದಿನ ಬಿಟ್ಟು ಕಫೀಲ್ ಬಂದರು. ಗ್ಯಾರೇಜು ನೋಡಿಕೊಳ್ಳುವವರು ಇಲ್ಲ. "ಯಲ್ಲಾ ಲಿಗೋರಿ, ಇನ್ನು ಎರಡು ವರ್ಷ" ಎಂದು ನನ್ನ ವೀಸಾ ಕಾಗದಕ್ಕೆ ಸಹಿ ಹಾಕಿದರು. ಈಗ ಬೋಜನ ಕುರ್ಚಿಯ ಮೇಲೆ ಕೂರುವವನು ನಾನು. ಅವನ ಚಹಾದ ಲೋಟ ಇನ್ನೂ ಮೇಜಿನ ಮೇಲಿದೆ, ಮುಟ್ಟಲು ಆಗುತ್ತಿಲ್ಲ. ಮಮ್ಮಿ, "ದೇವರು ಒಂದು ಬಾಗಿಲು ತೆರೆದ ನೋಡಿ" ಎಂದಳು. ಊಟ ಬಿಟ್ಟು ಎದ್ದೆ.

ಎಲ್ಲರ ಜೊತೆ ಆಸ್ಪತ್ರೆಗೂ ಹೋಗಿದ್ದೆ. ಮಂಚದ ಕಾಲಿನ ಬಳಿ ನಿಂತಿದ್ದೆ, ಮುಂದೆ ಹೋಗಲು ಧೈರ್ಯವಾಗಲಿಲ್ಲ. ಬೋಜ ನನ್ನನ್ನು ನೋಡಿ ಬಹಳ ಕಷ್ಟಪಟ್ಟು "ಕಾ... ವಲಿ" ಎಂದು ಒಂದು ಕಡೆಯ ಬಾಯಿಂದ ನಕ್ಕ. ಆ ಸ್ಥಿತಿಯಲ್ಲೂ ಅವನಿಗೆ ತಮಾಷೆ. ಬೋಜ ಒಳ್ಳೆಯವನಲ್ಲ, ಈಗಲೂ ಹೇಳುತ್ತೇನೆ. ಬದಲಾಗಿಯೂ ಇಲ್ಲ. ಅದು ಇನ್ನೂ ಕಷ್ಟ. ಹೊರಗೆ ವರಾಂಡದಲ್ಲಿ ಅವನ ಹೆಂಡತಿ ವಾರಿಜಾಕ್ಷಿ ನನ್ನ ಎರಡೂ ಕೈ ಹಿಡಿದುಕೊಂಡಳು. "ಪೊರ್ಬುಲೆ, ಕುತ್ತಿಗೆಯ ನರದಲ್ಲಿ ರಕ್ತ ಕಟ್ಟಿದೆಯಂತೆ, ಹದಿನಾರಕ್ಕೆ ಆಪರೇಷನ್. ಅದಕ್ಕೆ ಮೊದಲು ನೀವು ಒಮ್ಮೆ ಬಂದು ಇವರ ತಲೆಗೆ ಕೈ ಇಟ್ಟು ಪ್ರಾರ್ಥನೆ ಮಾಡ್ಬೇಕು. ಸತ್ತೇ ಹೋಗ್ತಾಳೆ ಅಂತ ಡಾಕ್ಟ್ರು ಬಿಟ್ಟ ಮಗಳನ್ನು ನೀವು ಅಂತೋನಿಯ ಹತ್ರ ಕೇಳಿ ತಗೊಂಡವರಂತೆ. ಇವರೇ ನನಗೆ ಎಷ್ಟೋ ಸಲ ಹೇಳಿದ್ದಾರೆ. ನಿಮ್ಮದು ಅವನಿಗೆ ಬೇಗ ಕೇಳ್ತದೆ ಮಾರಾಯ್ರೆ." ಬೇಗ ಕೇಳುತ್ತದೆ ಎಂದಳು. ಬರುತ್ತೇನೆ ಎಂದು ಹೇಳಿಬಿಟ್ಟೆ.

ಈಗ ನಿನಗೆ ನನ್ನ ಪ್ರಶ್ನೆ. ನೀನು ನಾಲ್ಕು ವರ್ಷದವಳಿದ್ದಾಗ ಮೆದುಳುಜ್ವರ ಬಂದು ಆರು ದಿನ ಕಣ್ಣು ಬಿಡಲಿಲ್ಲ. ನಾನು ಕೇಳಿದೆ, ನೀನು ಎದ್ದು ಗಂಜಿ ಬೇಕೆಂದೆ. ದೊಡ್ಡವಳಾದ ಮೇಲೆ, ನನ್ನನ್ನು ಹಿಂದಕ್ಕೆ ಕೊಟ್ಟ ದೇವರು ಒಳ್ಳೆಯವನು, ಅವನ ಹತ್ತಿರವೇ ಇರುತ್ತೇನೆ ಎಂದು ಹೇಳಿ ನೀನು ಮಠ ಸೇರಿದೆ. ನನ್ನ ಮಾತಿಗೆ ಅವನು ನಿನ್ನನ್ನು ಎಬ್ಬಿಸಿದ್ದು ನಿಜವಾದರೆ, ನನ್ನ ಮಾತಿಗೇ ಬೋಜನನ್ನು ಕೆಡವಿದ. ಬೋಜನನ್ನು ಕೆಡವಿದ್ದು ಅವನಲ್ಲ, ಒತ್ತಡ ಮತ್ತು ಸಿಗರೇಟು ಎಂದರೆ, ನಿನ್ನನ್ನು ಎಬ್ಬಿಸಿದ್ದೂ ಅವನಲ್ಲ, ಯಾವುದೋ ಇಂಜೆಕ್ಷನ್. ಇದರಲ್ಲಿ ಯಾವುದನ್ನು ನಂಬಿದರೂ ನನಗೆ ಹೆದರಿಕೆ. ಕೊನೆಯ ವ್ರತ ತೆಗೆದುಕೊಳ್ಳುವ ಮೊದಲು ನಿನ್ನ ತಲೆಗೆ ಇದನ್ನು ಹಾಕಬಾರದೆಂದು ನನಗೂ ಗೊತ್ತು. ಬೇರೆ ಯಾರ ತಲೆಗೆ ಹಾಕಲಿ? ಪಾದ್ರಿಯವರ ಹತ್ತಿರ ಪಾಪನಿವೇದನೆಗೆ ಹೋಗಿ ಸಾಲಿನಲ್ಲಿ ನಿಂತು ಎರಡು ಸಲ ಹಿಂದೆ ಬಂದೆ.

ಆ ಹಡಗಿನ ವ್ಯಾಪಾರಿಯ ಮಾತು ನಿಜವಾಗಿದ್ದರೆ ನನಗೆ ಎಷ್ಟು ಹಗುರವಾಗುತ್ತಿತ್ತು. ಹೊಡೆದವನು ಒಬ್ಬ, ಓಡಿಹೋಗಿ ಅಡಗಿಕೊಳ್ಳಲು ಇನ್ನೊಬ್ಬ. ಹೊಡೆಯುವವನ ಲೆಕ್ಕ ನನಗೆ ಅರ್ಥವಾಗುತ್ತದೆ. ಹೈವೇಯಲ್ಲಿ ವೇಗ ಹೆಚ್ಚಾಗಿ ರಾಡಾರ್ ಹಿಡಿದರೆ ದಂಡ ಕಟ್ಟಿ ಬಂದ ಹಾಗೆ. ಆದರೆ ಒಬ್ಬನೇ ಇದ್ದು, ಅವನು ಪೂರ್ತಿ ಒಳ್ಳೆಯವನಾದರೆ, ಅವನ ಎದುರು ಈ ಒಂಬತ್ತು ಮೇಣದಬತ್ತಿ ಹಿಡಿದು ನಾನು ಎಲ್ಲಿ ನಿಲ್ಲಲಿ? ಡಾಕ್ಟರನ ಕತ್ತಿ ಎಂದ ಆ ಗುರುವನ್ನೂ ಕೇಳಬೇಕು. ಇಲ್ಲಿ ರೋಗಿ ಯಾರು? ನನ್ನ ಹೊಟ್ಟೆಯ ವಿಷ ತೆಗೆಯಲು ಬೋಜನನ್ನು ಕೊಯ್ಯುವ ಡಾಕ್ಟರ್ ಎಂಥ ಡಾಕ್ಟರ್? ಡೆಂಟಿನ ಮಾತು ನಾನೇ ಆಡಿದ್ದು, ಅದನ್ನೂ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಡೆಂಟ್ ಎಂಬ ವಸ್ತು ಇಲ್ಲದಿರಬಹುದು. ಆದರೆ ಪೆಟ್ಟು ಬೀಳದೆ ತಗಡು ತಗ್ಗುವುದನ್ನು ನಾನು ಎಲ್ಲೂ ಕಂಡಿಲ್ಲ.

ನನಗೆ ಈಗ ನನ್ನ ಬಾಯಿಯದೇ ಭಯ. ಮೊನ್ನೆ ಪ್ರಾಡೊ ಒಂದು ನನ್ನ ಪಿಕಪ್ಪಿಗೆ ಅಡ್ಡ ಬಂತು. ಹಾಳಾಗಿ ಹೋಗು ಎನ್ನಲು ಬಾಯಿ ತೆರೆದವನು ನಾಲಿಗೆ ಕಚ್ಚಿಕೊಂಡೆ, ಆ ಗಾಡಿ ಫ್ಲೈಓವರ್ ದಾಟಿ ಮರೆಯಾಗುವವರೆಗೆ ಉಸಿರು ಬಿಗಿಹಿಡಿದು ನೋಡಿದೆ. ಗ್ಯಾರೇಜಿನಲ್ಲಿ ಯಾರಿಗೂ ಬೈಯುತ್ತಿಲ್ಲ, ಲಿಗೋರಿಯಣ್ಣನಿಗೆ ಫೋರ್‌ಮನ್ ಆದಮೇಲೆ ಘನತೆ ಬಂತು ಎನ್ನುತ್ತಾರೆ. ಮಮ್ಮಿ ಸಾರಿಗೆ ಉಪ್ಪು ಹಾಕಲು ಮರೆತರೂ ಸುಮ್ಮನೆ ಉಣ್ಣುತ್ತೇನೆ. ನನಗೆ ಜ್ವರ ಬಂದಿದೆ ಎಂದು ಹಣೆ ಮುಟ್ಟಿ ನೋಡುತ್ತಾಳೆ. ಶುಕ್ರವಾರ ಚರ್ಚಿನ ಪೂಜೆಯಲ್ಲಿ ಎಲ್ಲರೂ ಪ್ರಾರ್ಥನೆ ಹೇಳುವಾಗ ನಾನು ಬಾಯಿ ಮುಚ್ಚಿ ನಿಂತಿದ್ದೆ. ಯಾರಾದರೂ ನೀರು ಕೊಟ್ಟರೂ ನಾವು ದೇವ್ ಬರೆಂ ಕರುಂ, ದೇವರು ಒಳ್ಳೆಯದು ಮಾಡಲಿ, ಎನ್ನುವವರು. ಹುಟ್ಟಿದಾಗಿನಿಂದ ಹೇಳಿದ ಆ ಮಾತನ್ನು ಈಗ ದೇವ್ ಎಂಬಲ್ಲಿಗೇ ನಿಲ್ಲಿಸುತ್ತೇನೆ. ಅವನಿಂದ ಏನು ಬರುತ್ತದೋ ಯಾರಿಗೆ ಗೊತ್ತು? ಅಂಥ ಬಾಯಿ, ಅಂಥ ಕೈ ತೆಗೆದುಕೊಂಡು ಹೋಗಿ ಬೋಜನ ತಲೆಯ ಮೇಲೆ ಇಡಲಾ?

ನಿನಗಾಗಿ ಪ್ರಾರ್ಥಿಸುತ್ತೇನೆ ಎಂದು ಬರೆಯುವ ಧೈರ್ಯ ಇಲ್ಲ, ಕೋಪಿಸಿಕೊಳ್ಳಬೇಡ. ಹೊಟ್ಟೆ ತುಂಬ ಊಟ ಮಾಡು. ಮಮ್ಮಿಯ ಮುತ್ತು, ನನ್ನದೂ ಒಂದು. ಮದರ್‌ಗೆ ನನ್ನ ವಂದನೆ ತಿಳಿಸು, ಫೋನಿನಲ್ಲಿ ಒರಟಾಗಿ ಮಾತಾಡಿದ್ದಕ್ಕೆ ಕ್ಷಮೆಯನ್ನೂ ಕೇಳು.

ನಿನ್ನ ಪಪ್ಪ,
ಲಿಗೋರಿ

ಮರೆತದ್ದು: ಅಕ್ಷಯ್ ಪ್ಯಾಕೆಟ್ಟಿಗೆ ಬಂದು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಮೇಲೆ ಬರೆದದ್ದಕ್ಕೆಲ್ಲ ಉತ್ತರ ನೀನು ಜೀವಮಾನವಿಡೀ ಓದಿ ಆಮೇಲೆ ಹೇಳು, ನಾನು ಇದ್ದರೆ ಕೇಳುತ್ತೇನೆ. ಈಗ ಬೇಕಾದದ್ದು ಬೇರೆ. ಬೋಜನಿಗೆ ಮಾತು ಪೂರ್ತಿ ಕೇಳುತ್ತದೆ, ಅರ್ಥವೂ ಆಗುತ್ತದೆ ಎಂದು ಡಾಕ್ಟರ್ ಹೇಳಿದ್ದಾರೆ. ಆಪರೇಷನ್ನಿನಿಂದ ಏಳದಿದ್ದರೆ ಕ್ಷಮೆ ಕೇಳಲು ನನಗೆ ಮನುಷ್ಯನೇ ಉಳಿಯುವುದಿಲ್ಲ. ಹೇಳಿಬಿಟ್ಟರೆ, ಕುಯ್ಯಲು ಒಳಗೆ ಕರೆದೊಯ್ಯುವಾಗ ಅವನ ಎದೆಯಲ್ಲಿ ನಾನು ಇಟ್ಟ ಹೆದರಿಕೆ ಇರುತ್ತದೆ. ವೀಸಾ ಹೋದರೆ ಹೋಗಲಿ, ವಾರಿಜಾಕ್ಷಿ ಉಗಿದರೆ ಉಗಿಯಲಿ, ಅದಕ್ಕೆ ಹೆದರುತ್ತಿಲ್ಲ. ನಾನು ಮಾಡಿದ್ದನ್ನು ಅವನಿಗೆ ಹೇಳಬೇಕೋ, ಬೇಡವೋ? ಗುರುಗಳ ಮಾತು ಬೇಡ, ನಿನ್ನದು ಬರೆ. ಒಂದೇ ಪದ ಸಾಕು. ಹದಿನಾಲ್ಕನೇ ತಾರೀಖು ಅಕ್ಷಯ್ ವಿಮಾನ ಇಳಿಯುವಾಗ ಉತ್ತರ ಅವನ ಜೇಬಿನಲ್ಲಿ ಇರಬೇಕು.