ಬದುಕಿರುವವಳಿಗೆ ಯಾವ ವಿಮೆ

ಕೊಣ್ಣೂರ, ತಾ. ಗೋಕಾಕ
ಸೋಮವಾರ, ೧೨ ಆಗಸ್ಟ್ ೨೦೨೪

ಪ್ರೀತಿಯ ಮಗಳು ದಾಕ್ಷಾಯಿಣಿಗೆ,

ನಿನ್ನ ಅತ್ತೆ ಅಕ್ಕವ್ವ ಮನಸಾರೆ ಮಾಡುವ ಆಶೀರ್ವಾದಗಳು. ಹೇಗಿದ್ದೀ ತಂಗಿ? ಜ್ವರ ಬಂದಿದೆ ಎಂದು ಬರೆದಿದ್ದೆಯಲ್ಲ, ಪೂರ್ತಿ ಬಿಟ್ಟಿತೇ? ಊಟಕ್ಕೆ ಏನು ಮಾಡಿಕೊಳ್ಳುತ್ತೀ? ಆ ವಿಯೆಟ್ನಾಮಿನಲ್ಲಿ ಜೋಳದ ಹಿಟ್ಟು ಸಿಗುವುದಿಲ್ಲ ಎಂದು ನಮ್ಮ ಶಿವು ಮೊದಲೆಲ್ಲ ಗೋಳಾಡುತ್ತಿದ್ದ. ನೀನು ಕಳೆದ ಸಲ ಬಂದಾಗ ನಿನಗೆಂದು ನಾನು ಕಟ್ಟಿಟ್ಟಿದ್ದ ಕಡಕ್ ರೊಟ್ಟಿಯ ಗಂಟನ್ನು ಇಲ್ಲಿಯೇ ಬಿಟ್ಟು ಹೋದೆ. ಅದನ್ನು ಕೊನೆಗೆ ಎಮ್ಮೆಗೆ ಹಾಕಿದೆ. ಈ ಕಾಗದದ ತಲೆಗೆ ರೂಢಿಯಂತೆ ‘ಚಿ. ಸೌ.’ ಎಂದು ಬರೆಯಲು ಕೈ ತಾನಾಗಿಯೇ ಹೋಗಿತ್ತು. ತಡೆದುಕೊಂಡು ‘ಮಗಳು’ ಎಂದು ಬರೆದೆ. ಇನ್ನು ಅದೇ ಇರಲಿ. ಶ್ರೀಶೈಲ ‘ಕಾಗದ ಯಾಕ ಬರೀತೀಬೇ ಯವ್ವಾ, ಅತ್ತಿಗಿಗೆ ಫೋನ್ ಹಚ್ಚಿ ಕೊಡ್ತೇನಿ’ ಅಂದ. ಫೋನಿನಲ್ಲಿ ನಾನೂ ಅಳುತ್ತೇನೆ, ನೀನೂ ಅಳುತ್ತೀ, ಹೇಳುವುದು ಹಾಗೇ ಉಳಿಯುತ್ತದೆ. ಅಂಗನವಾಡಿಯಲ್ಲಿ ಅಷ್ಟು ವರ್ಷ ಬರೆದ ಕೈ ಇದು, ಇನ್ನೂ ತಪ್ಪಿಲ್ಲ. ಬರೆದುಕೊಟ್ಟರೆ ಅವನೇ ಫೋಟೋ ತೆಗೆದು ನಿನಗೆ ಕಳಿಸುತ್ತಾನೆ.

ಇಲ್ಲಿ ಎಲ್ಲರೂ ಇದ್ದೇವೆ. ಶ್ರಾವಣದ ಮಳೆ ಬಿಟ್ಟಿಲ್ಲ, ಹೊಳೆ ದಂಡೆ ಮುಟ್ಟಿದೆ. ಗಿರಣಿಯನ್ನು ಈಗ ಶ್ರೀಶೈಲನೇ ನಡೆಸುತ್ತಾನೆ. ನಿಮ್ಮ ಮಾವನವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಹಿಟ್ಟು ದಪ್ಪಗಾಯಿತು ಸಣ್ಣಗಾಯಿತು ಎಂದು ಅವನಿಗೆ ಬೈಯುತ್ತಾರೆ. ಇಷ್ಟು ದಿನ ಹಾಗೆ ಬೈಯುವುದಕ್ಕೂ ಅವರಲ್ಲಿ ಉಸಿರಿರಲಿಲ್ಲ. ಆದ್ದರಿಂದ ಬೈಗುಳ ಕೇಳಿದರೆ ನನಗೆ ಈಗ ಸಮಾಧಾನ.

ನೀನು ಹೋದ ವಾರ ಕಳಿಸಿದ ಸಂದೇಶವನ್ನು ನಾನು ಎಷ್ಟು ಸಲ ಓದಿದೆನೋ. ಎಲ್ಲಿಂದ ಬೇಕಾದರೂ ಮಾಡಬಹುದಾದ ನಿನ್ನ ಕೆಲಸದಲ್ಲಿ ಕಂಪನಿಯವರು ಪಗಾರ ಕೊಡುತ್ತಾರೆ, ವಿಮೆ ಕೊಡುವುದಿಲ್ಲ, ಅದನ್ನು ನೀನೇ ಆರಿಸಿಕೊಳ್ಳಬೇಕು, ಹಳೆಯದರ ಅವಧಿ ಈ ತಿಂಗಳು ಮುಗಿಯುತ್ತದೆ ಎಂದು ಬರೆದಿದ್ದೆ. ಎರಡು ಪಾಲಿಸಿ ನೋಡಿದ್ದೇನೆ, ಒಂದರಲ್ಲಿ ಆಸ್ಪತ್ರೆಯ ಖರ್ಚಿಗೆ ಹೆಚ್ಚು ಕೊಡುತ್ತಾರೆ, ಇನ್ನೊಂದರಲ್ಲಿ ಸತ್ತರೆ ದೇಹವನ್ನು ಊರಿನವರೆಗೂ ತಲುಪಿಸುತ್ತಾರೆ ಎಂದೂ ಬರೆದಿದ್ದೆ. ಕೊನೆಗೆ ಇನ್ನೊಂದು ಸಾಲು. ‘ಅತ್ತೀ, ಎರಡನೇದ್ದು ತಗೊಂಡ್ರ ನನ್ನನ್ನ ಕೊಣ್ಣೂರಿಗೆ ತರ್ತಾರ. ಅಲ್ಲಿ ಅವರ ಬಾಜೂಕ ನನಗ ಜಾಗಾ ಕೊಡ್ತೀರೇನ್ರಿ? ಕೊಡೂದಿಲ್ಲ ಅಂದ್ರ ಮೊದಲನೇದ್ದು ತಗೋತೇನಿ.’ ಮೂವತ್ತೂ ತುಂಬದ ಹುಡುಗಿ ನೀನು. ಇಂಥ ಪ್ರಶ್ನೆ ಕೇಳುವ ಹಾಗೆ ನಿನ್ನನ್ನು ಮಾಡಿದವರು ನಾವು, ಈ ಮನೆಯವರು.

ನಾನು ಆ ದಿನವನ್ನು ಮರೆತಿಲ್ಲ. ಶಿವು ಕೆಲಸ ಮುಗಿಸಿ ಬಾಡಿಗೆ ಸ್ಕೂಟರಿನಲ್ಲಿ ಕಡಲ ಕಡೆ ಹೋದವನು ಲಾರಿಗೆ ಸಿಕ್ಕ. ನಮ್ಮ ದೇಶದ ಲೈಸೆನ್ಸು ಅಲ್ಲಿ ನಡೆಯುವುದಿಲ್ಲವಂತೆ. ವಿಮೆಯವರು ಮೊದಲು ಎಲ್ಲ ನಾವು ನೋಡಿಕೊಳ್ಳುತ್ತೇವೆ ಎಂದವರು, ಪೊಲೀಸರ ಕಾಗದ ಕೈಗೆ ಬಂದ ಮೇಲೆ ಆಸ್ಪತ್ರೆಗೂ ಇಲ್ಲ, ದೇಹ ಸಾಗಿಸುವುದಕ್ಕೂ ಇಲ್ಲ ಎಂದು ಕೈ ತೊಳೆದುಕೊಂಡರು. ಭಾಷೆ ಬಾರದ ಊರಿನಲ್ಲಿ ನೀನು ಒಬ್ಬಳೇ ಕಚೇರಿಯಿಂದ ಕಚೇರಿಗೆ ಅಲೆದೆ. ಹೂಳಲು ಜಾಗ ಕೇಳಿದೆ, ಪರದೇಶದವರಿಗೆ ಇಲ್ಲ ಎಂದರು. ಶವಾಗಾರದವರು ಇನ್ನು ಇಟ್ಟುಕೊಳ್ಳುವುದಿಲ್ಲ ಎಂದರು. ಆಗ ನೀನು ಸುಡಲು ಒಪ್ಪಿಕೊಂಡೆ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ, ನಿನ್ನ ಅಣ್ಣ ಮಲ್ಲೇಶನಿಂದ. ನೀನು ಆ ಬಿಳಿ ಪಿಂಗಾಣಿ ಭರಣಿಯನ್ನು ಎದೆಗೆ ಒತ್ತಿಕೊಂಡು ನಮ್ಮ ಬಾಗಿಲಿಗೆ ಬಂದಾಗ ನಿಮ್ಮ ಮಾವನವರು ಹೊಸ್ತಿಲಲ್ಲಿ ಅಡ್ಡ ನಿಂತರು. ‘ಮಣ್ಣಿಗೆ ಹೋಗಬೇಕಾದ ಮಗನ್ನ ಸುಟ್ಟು ತಂದಿಯೇನವಾ? ಇದು ನನ್ನ ಮಗ ಅಲ್ಲ’ ಅಂದುಬಿಟ್ಟರು. ನೀನು ಭರಣಿಯನ್ನು ನನ್ನ ಕೈಗೆ ಕೊಟ್ಟು, ಅವರ ಕಾಲು ಮುಟ್ಟಿ, ಹುಕ್ಕೇರಿಗೆ ತವರಿಗೆ ಹೋದೆ. ಅಲ್ಲಿಂದಲೇ ವಿಮಾನ ಹತ್ತಿದೆ. ಇಲ್ಲಿದ್ದರೆ ಜನರ ಮುಖ ನೋಡಬೇಕು, ಅಲ್ಲಿ ಕೆಲಸವಾದರೂ ಇದೆ ಎಂದೆಯಂತೆ.

ಆಮೇಲಿನದು ನಿನಗೆ ಗೊತ್ತಿಲ್ಲ. ನಾನೂ ಹೇಳಿರಲಿಲ್ಲ, ಹೇಳಲು ಬಾಯಿ ಬರಲಿಲ್ಲ. ಭರಣಿ ಅಂದಿನಿಂದ ಒಳಕೋಣೆಯ ಗೋಡೆಯ ಮಾಡದಲ್ಲಿಯೇ ಇತ್ತು. ಮೂಡಲಗಿಯಿಂದ ನಿಮ್ಮ ಮಾವನವರ ಅಣ್ಣ ಶೆಟ್ಟೆಪ್ಪನವರು ಬಂದು, ‘ಘಟಪ್ರಭಾದಾಗ ಬಿಟ್ಟು ಕೈ ಮುಗೀರಿ, ಮನ್ಯಾಗ ಇಟ್ಕೊಂಡು ಕೂಡಬ್ಯಾಡ್ರಿ’ ಎಂದು ಹೇಳಿ ನೋಡಿದರು. ನಿಮ್ಮ ಮಾವನವರು ಹೊಳೆಗೂ ಬಿಡಲಿಲ್ಲ, ಹೊಲಕ್ಕೂ ಒಯ್ಯಲಿಲ್ಲ. ನಮ್ಮಲ್ಲಿ ಸತ್ತವರನ್ನು ಕೂರಿಸಿ, ಕೈಯಲ್ಲಿ ಲಿಂಗ ಇಟ್ಟು, ಪತ್ರಿ ವಿಭೂತಿ ಹಾಕಿ ಮಣ್ಣು ಕೊಡುವ ಶಾಸ್ತ್ರವಿದೆ. ಬೂದಿಗೆ ಯಾವ ಶಾಸ್ತ್ರವೂ ಇಲ್ಲ. ನಾನು ದಿನಾ ಭರಣಿಯ ಮೇಲಿನ ಧೂಳು ಒರೆಸುತ್ತಿದ್ದೆ. ಚಿಕ್ಕವನಿದ್ದಾಗ ಗಿರಣಿಯಲ್ಲಿ ಆಡಿ ಮೈತುಂಬ ಹಿಟ್ಟು ಮಾಡಿಕೊಂಡು ಬಂದವನ ಮುಖ ಒರೆಸುತ್ತಿದ್ದೆನಲ್ಲ, ಹಾಗೆಯೇ ಅನಿಸುತ್ತಿತ್ತು. ಅತ್ತರೆ ಇವರು ಎದ್ದು ಹೊರಗೆ ಹೋಗುತ್ತಿದ್ದರು. ಒಂದೇ ಮನೆಯಲ್ಲಿ ಇಬ್ಬರೂ ಬೇರೆ ಬೇರೆ ಅಳುತ್ತಿದ್ದೆವು ತಂಗಿ.

ಈಗ ಹೋದ ವಾರದ ಮಾತು. ನಿನ್ನ ಸಂದೇಶ ಬಂದಾಗ ಮಧ್ಯಾಹ್ನ ಇವರು ಊಟಕ್ಕೆ ಕುಳಿತಿದ್ದರು. ನಾನು ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲಿಯೇ ಫೋನು ಹಿಡಿದು ಗಟ್ಟಿಯಾಗಿ ಓದಿದೆ. ಅವರಿಗೆ ಕೇಳಲಿ ಎಂದೇ ಓದಿದೆ. ಮೊದಲನೆಯ ಪಾಲಿಸಿ, ಎರಡನೆಯ ಪಾಲಿಸಿ ಅನ್ನುವಾಗ ಸುಮ್ಮನೆ ಉಣ್ಣುತ್ತಿದ್ದರು. ‘ಅವರ ಬಾಜೂಕ ನನಗ ಜಾಗಾ’ ಎಂಬಲ್ಲಿಗೆ ಬಂದಾಗ ತುತ್ತು ಕೈಯಲ್ಲಿಯೇ ನಿಂತಿತು. ‘ಇನ್ನೊಮ್ಮಿ ಓದು’ ಅಂದರು. ಓದಿದೆ. ‘ಆಕಿಗೆ ಹೂಳಾಕ ಅಲ್ಲಿ ಜಾಗಾ ಕೊಡಲಿಲ್ಲಂತ ನೀ ಒಮ್ಮೆ ಹೇಳಿದ್ದಿ. ಖರೆ ಏನು?’ ಎಂದು ಕೇಳಿದರು. ‘ಖರೇರಿ. ಬೇಡಿಕೊಂಡಾಳ, ಕೊಟ್ಟಿಲ್ಲ. ಬೆಂಕಿ ಮುಂದ ಒಬ್ಬಾಕೀನ ನಿಂತಾಳ. ನಿಮ್ಮ ಮಗನ ಜೋಡಿ ಕಡೀತನಕ ನಿಂತಾಕಿ ಆಕಿ ಒಬ್ಬಾಕಿರಿ’ ಅಂದೆ. ಅವರು ತಾಟಿನ ಮುಂದೆಯೇ ಅತ್ತರು. ಗಂಡಸು ಅಳುವುದನ್ನು ನಾನು ನೋಡಿದ್ದೇನೆ, ಇಷ್ಟು ಅತ್ತದ್ದನ್ನು ನೋಡಿರಲಿಲ್ಲ. ಶ್ರೀಶೈಲ ಗಿರಣಿ ಬಂದ್ ಮಾಡಿ ಓಡಿ ಬಂದ.

ಮರುದಿನ ಬೆಳಗ್ಗೆ ಅವರೇ ಸನಿಕೆ ಹಿಡಿದು ಹೊಲಕ್ಕೆ ಹೋದರು. ಶ್ರೀಶೈಲ ನಾನು ತೋಡುತ್ತೇನೆ ಅಂದರೂ ಕೊಡಲಿಲ್ಲ. ನಮ್ಮ ಹಿರಿಯರ ಸಮಾಧಿಗಳ ಸಾಲಿನಲ್ಲಿ, ಅಜ್ಜನ ಎಡಕ್ಕೆ, ಮಳೆಯಲ್ಲಿ ನೆನೆಯುತ್ತ ತೋಡಿದರು. ಇಷ್ಟು ಸಣ್ಣ ಭರಣಿಗೆ ಇಷ್ಟು ದೊಡ್ಡ ತಗ್ಗು ಯಾಕೆ ಎಂದು ಯಾರೂ ಕೇಳಲಿಲ್ಲ. ಆಳು ಕೂರುವಷ್ಟು ತೋಡಿದರು. ಶಾಸ್ತ್ರ ಮಾಡಿಸಲು ಮಠದ ಅಯ್ಯನವರು ಬಂದರು. ಬೂದಿಗೆ ಶಾಸ್ತ್ರ ಹೇಗೆ ಎಂದು ಮೂಡಲಗಿಯಿಂದ ಬಂದಿದ್ದ ಶೆಟ್ಟೆಪ್ಪನವರು ಅನುಮಾನ ತೆಗೆದಾಗ ಅಯ್ಯನವರು, ‘ದಿನಾ ಹಣಿಗೆ ಹಚ್ಕೊಳ್ಳೂದು ಏನ್ರಿ? ಬೂದೀನ ಅಲ್ಲೇನು? ಸುಮ್ನ ಮಣ್ಣು ಕೊಡ್ರಿ’ ಅಂದರು. ನಿಮ್ಮ ಮಾವನವರು ತಗ್ಗಿಗೆ ಇಳಿದು ಭರಣಿಯನ್ನು ತಮ್ಮ ಕೈಯಿಂದಲೇ ಇಟ್ಟರು. ಮೇಲೆ ಪತ್ರಿ ಹಾಕಿದರು. ಅಲ್ಲಿಯೇ ಅದರ ಪಕ್ಕ ಕುಳಿತರು. ‘ಶಿವೂ, ನಿನ್ನ ಬಾಗಲದಾಗ ನಿಲ್ಲಿಸಿದ್ನೆಪಾ’ ಎಂದದ್ದು ನನಗೆ ಕೇಳಿಸಿತು. ನಿನ್ನ ಪಾಲಿನ ಹಿಡಿ ಮಣ್ಣನ್ನು ನಿನ್ನ ಹೆಸರು ಹೇಳಿ ನಾನು ಹಾಕಿದೆ. ನಿನ್ನನ್ನು ಕರೆಯದೆ ಮಾಡಿದೆವೆಂದು ಬೇಸರ ಮಾಡಿಕೊಳ್ಳಬೇಡ. ಅವರ ಮನಸ್ಸು ತಿರುಗಿದಾಗಲೇ ಆಗಿಹೋಗಲಿ ಎಂದು ನಾನೇ ಅವಸರ ಮಾಡಿದೆ.

ಈಗ ವಿಮೆಯ ಮಾತು. ಮಲ್ಲೇಶ ನಿಡಸೋಸಿಯ ಕಾಲೇಜಿನಲ್ಲಿ ಪಾಠ ಹೇಳುವುದನ್ನು ಮುಗಿಸಿಕೊಂಡು ಇತ್ತ ಬಂದು, ನೀನು ಕಳಿಸಿದ ಎರಡೂ ಪಾಲಿಸಿಗಳನ್ನು ನಮಗೆ ಕನ್ನಡದಲ್ಲಿ ಬಿಡಿಸಿ ಹೇಳಿದ. ಮೊದಲನೆಯದರಲ್ಲಿ ದೊಡ್ಡ ಆಸ್ಪತ್ರೆ ಬೇಕಾದರೆ ಬೇರೆ ದೇಶಕ್ಕೂ ಒಯ್ಯುತ್ತಾರಂತೆ, ಮನಸ್ಸಿನ ಡಾಕ್ಟರಿಗೆ ತೋರಿಸಿದರೂ ಖರ್ಚು ಕೊಡುತ್ತಾರಂತೆ, ರಜೆಗೆ ಊರಿಗೆ ಬಂದಾಗಲೂ ಕೆಲವು ವಾರ ನಡೆಯುತ್ತದಂತೆ. ಎರಡನೆಯದು ಊರಿಗೆ ಕಾಲಿಟ್ಟ ದಿನವೇ ನಿಂತುಹೋಗುತ್ತದೆ, ಸತ್ತವರಿಗೆ ಮಾತ್ರ ದಾರಿಖರ್ಚು ಕೊಡುತ್ತದೆ. ಇದನ್ನು ಕೇಳಿ ನಿಮ್ಮ ಮಾವನವರು ಹೇಳಿದ್ದನ್ನು ಅವರ ಬಾಯಿಯ ಮಾತಿನಲ್ಲಿಯೇ ಬರೆಯುತ್ತೇನೆ. ‘ಜಾಗಾ ಐತಿ ಅಂತ ಬರಿ. ಅವನ ಬಾಜೂಕ ಬಿಟ್ಟೇನಿ, ಅದು ಆಕೀದ. ಖರೆ ಹೆಣಾ ಆಗಿ ಬರೂ ವಿಮಾ ತಗೋಬ್ಯಾಡ ಅಂತ ಬರಿ. ಬದುಕಿ ಬರ್ಲಿ, ಮುದುಕಿ ಆಗಿ ಬರ್ಲಿ.’ ಮೊದಲನೆಯದನ್ನೇ ತೆಗೆದುಕೊ. ರಾತ್ರಿ ನಿದ್ದೆ ಬರುವುದಿಲ್ಲ ಎಂದು ಮಲ್ಲೇಶನ ಹತ್ತಿರ ಹೇಳಿದ್ದೀಯಂತೆ. ಆ ಮನಸ್ಸಿನ ಡಾಕ್ಟರಿಗೆ ನಾಚಿಕೊಳ್ಳದೆ ತೋರಿಸು. ಸ್ಕೂಟರ್ ಮಾತ್ರ ಹತ್ತಬೇಡ. ಇದೊಂದು ಮಾತು ನನಗಾಗಿ ನಡೆಸು.

ಇನ್ನೊಂದು. ಮುಂದೆ ಯಾರಾದರೂ ನಿನ್ನ ಜೊತೆ ಬದುಕುವ ಒಳ್ಳೆಯ ಮನುಷ್ಯ ಸಿಕ್ಕರೆ, ಆ ಜಾಗದ ಋಣ ಎಂದು ಹಿಂಜರಿಯಬೇಡ. ಶಿವುನ ತಾಯಿ ಇದನ್ನು ಬರೆಯುವುದು ಸುಲಭವಲ್ಲ. ಬರೆದಿದ್ದೇನೆ, ಇನ್ನೊಮ್ಮೆ ಬರೆಯಲು ಹೇಳಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಮಳೆಯಲ್ಲಿ ನೆನೆಯಬೇಡ. ನಿನ್ನ ಮೈ, ನಿನ್ನ ಮನಸ್ಸು ಎರಡೂ ತಣ್ಣಗಿರಲಿ. ಶ್ರೀಶೈಲ ನಮಸ್ಕಾರ ತಿಳಿಸಿದ್ದಾನೆ.

ನಿನ್ನನ್ನು ದಿನಾ ನೆನೆಯುವ
ಅಕ್ಕವ್ವ

ತಾ. ಕ.: ಶ್ರೀಶೈಲ ಫೋಟೋ ತೆಗೆಯಲು ಕಾಯುತ್ತ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಶುಕ್ರವಾರ ನಿಮ್ಮ ಮಾವನವರು ನನ್ನನ್ನು ಬೆಳಗಾವಿಗೆ ಕರೆದೊಯ್ದು ಇಬ್ಬರದೂ ಪಾಸ್‌ಪೋರ್ಟಿಗೆ ಅರ್ಜಿ ಕೊಟ್ಟು ಬಂದರು. ಮಗ ಬಿದ್ದ ರಸ್ತೆ ನೋಡಿ ಏನು ಮಾಡುತ್ತೀರಿ, ಇನ್ನಷ್ಟು ಸಂಕಟ ಎಂದೆ. ‘ಅದನ್ನ ನೋಡಾಕಲ್ಲ, ಆಕಿ ಇರೂ ಮನಿ ನೋಡಬೇಕು. ಬಾಗಲದಾಗ ನಿಂತು ಒಳಗ ಬರ್ಲ್ಯಾ ಅಂತ ನಾನ ಕೇಳಬೇಕು’ ಅಂದರು. ದೀಪಾವಳಿ ಆದ ಮೇಲೆ ಬರುತ್ತೇವೆ. ನಮ್ಮಂಥ ವಯಸ್ಸಾದವರಿಗೆ ಯಾವ ವಿಮೆ ಸರಿ ಎಂದು ನೀನೇ ನೋಡಿ ತೆಗೆ. ಅವರಿಗೆ ಬಿಪಿ, ನನಗೆ ಸಕ್ಕರೆ. ಎರಡನ್ನೂ ಬರೆ, ಏನನ್ನೂ ಮುಚ್ಚಬೇಡ. ಮನೆ ಚಿಕ್ಕದೆಂದು ಚಿಂತಿಸಬೇಡ, ನಾವು ನೆಲದ ಮೇಲೆ ಮಲಗುತ್ತೇವೆ.